ಸಾವಿನ ಪಾಠ ಪುಸ್ತಕದಲ್ಲಿದ್ದರೆ ಸಾಲದು

ಮಾರತ್ತಹಳ್ಳಿಯಿಂದ ವರ್ತೂರಿನ ಕಡೆ ಬಸ್ಸಿನಲ್ಲಿ ಓಡಾಡುವವರಿಗೆ ಕುಂದಲಹಳ್ಳಿ ಗೇಟಿನ ಬಳಿಯ ‘ಕರುಣಾಶ್ರಯ’ ಗೊತ್ತಿರಬೇಕು. ‘ಅದಾ, ಸಾಯೋರನ್ನ ಸೇರಿಸೋ ಜಾಗ’ ಅಂತ ಮುಖ ತಿರುಗಿಸುವವರೂ ಉಂಟು. ಆದರೆ ಅಲ್ಲಿ ನಡೆಯುವುದು ಬದುಕಿನ ಕೆಲಸ. ವಾಸಿಯಾಗದ ಹಂತ ಮುಟ್ಟಿದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಅಲ್ಲಿ ಕಾಸು ಕೇಳದೆ ನೋಡಿಕೊಳ್ಳುತ್ತಿದ್ದಾರೆ. ನೋವು ತಗ್ಗಿಸುವುದು, ಹುಣ್ಣು ತೊಳೆಯುವುದು, ಪಕ್ಕದಲ್ಲಿ ಕೂತು ಮಾತಾಡುವುದು. ಇದರಲ್ಲಿ ಮುಕ್ಕಾಲು ಪಾಲು ನರ್ಸುಗಳ ಕೆಲಸವೇ.

ನಮ್ಮ ವೈಟ್‌ಫೀಲ್ಡ್, ಪೀಣ್ಯ ಸುತ್ತಮುತ್ತ ನರ್ಸಿಂಗ್ ಕಾಲೇಜುಗಳಿಗೇನೂ ಬರವಿಲ್ಲ. ಸಾಯುವವರ ಆರೈಕೆ ಅವರ ಪಠ್ಯದಲ್ಲೂ ಇದೆ. ಕ್ಯೂಬ್ಲರ್ ರಾಸ್ ಎಂಬ ವೈದ್ಯೆ 1969ರಲ್ಲಿ ಬರೆದ ಐದು ಹಂತಗಳನ್ನು ಮಕ್ಕಳು ಬಾಯಿಪಾಠ ಮಾಡ್ತಾರೆ: ನಿರಾಕರಣೆ, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಪಿಗೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ರಾತ್ರಿ ಎರಡು ಗಂಟೆಗೆ ರೋಗಿ ಕೈ ಹಿಡಿದು ‘ಸಿಸ್ಟರ್, ನಾನು ಉಳೀತೀನಾ?’ ಅಂದರೆ ಹತ್ತೊಂಬತ್ತರ ಹುಡುಗಿ ಏನು ಹೇಳಬೇಕು? ‘ಬಿಡ್ತು ಅನ್ನಿ’ ಅಂತ ಜಾರಿಕೊಳ್ಳುವುದನ್ನು ಅವಳು ನಮ್ಮ ಮನೆಗಳಲ್ಲೇ ಕಲಿತು ಬಂದಿರುತ್ತಾಳೆ. ಅದನ್ನು ಬಿಡಿಸಲು ಪುಸ್ತಕದಿಂದ ಆಗದು, ಅನುಭವಸ್ಥ ಸಿಸ್ಟರು ಪಕ್ಕದಲ್ಲಿ ನಿಂತು ತೋರಿಸಬೇಕು.

ಉದಾಹರಣೆಗೆ ದೂರ ಹೋಗಬೇಕಿಲ್ಲ. ನಮ್ಮ ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. 1973ರ ನವೆಂಬರ್‌ನಲ್ಲಿ ಅಲ್ಲೇ ಹಲ್ಲೆಗೊಳಗಾಗಿ, 2015ರ ಮೇ ತನಕ ಪ್ರಜ್ಞೆ ಮರಳದೆ ಮಲಗಿದ್ದರು. ಒಂದು ತಲೆಮಾರಿನ ಸಿಸ್ಟರುಗಳು ನಿವೃತ್ತರಾದರೆ ಮುಂದಿನವರು ಆರೈಕೆ ವಹಿಸಿಕೊಂಡರು. 2011ರಲ್ಲಿ ಸುಪ್ರೀಂ ಕೋರ್ಟು ಅವರ ಪರ ಮಾತಾಡುವ ಹಕ್ಕು ಈ ಆಸ್ಪತ್ರೆಯವರದೇ ಎಂದಿತು. ಕೈ ಬಿಡದೆ ನೋಡಿಕೊಂಡಿದ್ದಕ್ಕೆ ಸಿಕ್ಕ ಮಾತು ಅದು.

ಈಗ ಇದು ಇನ್ನೂ ಜರೂರು. ಘನತೆಯಿಂದ ಸಾಯುವುದೂ ಹಕ್ಕು ಎಂದು ಕೋರ್ಟು 2018ರಲ್ಲಿ ಹೇಳಿತು, 2023ರಲ್ಲಿ ನಿಯಮ ಸಡಿಲಿಸಿತು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಇದ್ದರೆ ‘ಕೊನೆಗಾಲದಲ್ಲಿ ಯಂತ್ರ ಹಾಕಬೇಡಿ’ ಎಂದು ಯಾರೂ ಬರೆದಿಡಬಹುದು. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಸರಿ ಸ್ವಾಮಿ, ಕಾಗದಕ್ಕೆ ಸಹಿ ಡಾಕ್ಟರು ಹಾಕ್ತಾರೆ. ಬಾಗಿಲ ಹೊರಗೆ ಅಳುತ್ತಾ ನಿಂತ ಹೆಂಡತಿ ಮಕ್ಕಳು ಮೊದಲು ಕೇಳುವುದು ಯಾರನ್ನ? ನರ್ಸನ್ನೇ ತಾನೆ?

ಕಾಲೇಜುಗಳವರು ಒಂದು ಕೆಲಸ ಮಾಡಲಿ. ಪ್ರತಿ ವಿದ್ಯಾರ್ಥಿಯನ್ನೂ ಹದಿನೈದು ದಿನವಾದರೂ ಇಂಥ ಆರೈಕೆ ಕೇಂದ್ರಕ್ಕೆ ಕಳಿಸಲಿ. ವಾರ್ಡಿನಲ್ಲಿ ಸಾವಾದ ದಿನ ಆ ಮಕ್ಕಳನ್ನು ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಲಿ, ಅತ್ತರೆ ಬೈಯದಿರಲಿ. ಇಂಜೆಕ್ಷನ್ನು ತಪ್ಪಿದರೆ ಅಂಕ ಕಳೆಯುವ ಹಾಗೆ, ಸಾಯುವವರ ಹತ್ತಿರ ಸುಳ್ಳು ಹೇಳಿ ಓಡಿಹೋದರೂ ಅಂಕ ಕಳೆಯಲಿ. ಅಂಗಡಿ ಮುಚ್ಚಿ, ಬಸ್ಸು ಇಳಿದು, ಕೊನೆಗೊಂದು ದಿನ ಆ ಹಾಸಿಗೆ ಮೇಲೆ ಮಲಗುವವರು ನಾವೇ ಅಲ್ಲವೇ?