ಈ ಸಲದ ಪಟ್ಟಿಯಲ್ಲಿ ಆನೆ ಬೇಡ

ಜಾತ್ರಾ ಸಮಿತಿಯ ಹಿರಿಯರೇ, ಓಣಿಯ ಹುಡುಗರೇ, ಅಕ್ಕ-ತಂಗಿಯರೇ,

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ನಿಮ್ಮೆಲ್ಲರಲ್ಲಿ ಒಂದು ಮಾತು ಕೇಳಿಕೊಳ್ಳಬೇಕಿದೆ. ಜಾತ್ರೆಗೆ, ಪುರಾಣ ಮಂಗಲಕ್ಕೆ, ಅಡ್ಡಪಲ್ಲಕ್ಕಿ ಉತ್ಸವಕ್ಕೆ ಪಟ್ಟಿ ಎತ್ತಲು ಕೂತಾಗ ಬಾಡಿಗೆ ಆನೆಯ ಖರ್ಚನ್ನು ಆ ಪಟ್ಟಿಯಿಂದ ತೆಗೆದುಹಾಕಿ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದಿ.

ನಾಲ್ಕು ವರ್ಷದ ಹಿಂದೆ ಸುರಪುರ ತಾಲ್ಲೂಕಿನ ಒಂದು ಊರಿನ ಜಾತ್ರೆ. ಪಟ್ಟಿಗೆ ನಾನೂ ಐದುನೂರು ರೂಪಾಯಿ ಬರೆಸಿದ್ದೆ. ಆನೆ ರಾತ್ರಿಯೆಲ್ಲ ಲಾರಿಯಲ್ಲಿ ನಿಂತೇ ಬಂದಿತ್ತು. ಬೆಳಿಗ್ಗೆ ಗುಡಿ ಮುಂದಿನ ಬೇವಿನ ಮರಕ್ಕೆ ಕಟ್ಟಿದ್ದರು. ಹಣೆಗೂ ಸೊಂಡಿಲಿಗೂ ಬಣ್ಣದ ಹೂಬಳ್ಳಿ ಬರೆದಿದ್ದರು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತಿರ ಹೋದೆ. ಅವಳು ಬಾಳೆಹಣ್ಣು ನೀಡಿದಳು, ಆನೆ ಸೊಂಡಿಲು ಚಾಚಿತು. ಅಷ್ಟರಲ್ಲಿ ಮಾವುತ ತನ್ನ ಕೋಲನ್ನು ಎಡಗೈಯಿಂದ ಬಲಗೈಗೆ ತೆಗೆದುಕೊಂಡ. ಹೊಡೆಯಲಿಲ್ಲ, ಗದರಲೂ ಇಲ್ಲ. ಆದರೂ ಚಾಚಿದ ಸೊಂಡಿಲು ಹಾಗೇ ಸುರುಳಿಯಾಗಿ ಅದರ ಬಾಯೊಳಗೆ ಹೋಯಿತು. ಹಣ್ಣು ನೆಲಕ್ಕೆ ಬಿತ್ತು. ಆಗ ಕಂಡಿತು: ಕಿವಿಯ ಹಿಂದೆ, ಬಣ್ಣದ ಅಡಿಯಲ್ಲಿ, ರೂಪಾಯಿ ಬಿಲ್ಲೆಯಷ್ಟಗಲದ ಗಂಟುಗಟ್ಟಿದ ಕಲೆಗಳು. ಹಿಂಗಾಲಿನ ಸರಪಳಿಯ ಕೆಳಗಿನ ಹುಣ್ಣಿಗೆ ಅರಿಷಿಣ ತುಂಬಿದ್ದರು, ಅದರ ಅಂಚಿನಿಂದ ಕೀವು ಇಳಿಯುತ್ತಿತ್ತು.

"ಅಪ್ಪಾ, ಆನಿಗಿ ಕಾಲು ನೋಯಕತ್ತದೇನು?" ಎಂದಳು ಮಗಳು.

ಮೆರವಣಿಗೆ ಹೊರಟಿದ್ದು ಹನ್ನೊಂದರ ಮೇಲೆ, ಡಾಂಬರು ಕಾದ ಮೇಲೆ. ಆನೆಗೆ ನಮ್ಮಂತೆ ಮೈತುಂಬ ಬೆವರುವುದಿಲ್ಲ. ಕಿವಿ ಬೀಸಿ, ಮೈಮೇಲೆ ನೀರು-ಮಣ್ಣು ಎರಚಿಕೊಂಡು ಮೈ ತಣ್ಣಗೆ ಮಾಡಿಕೊಳ್ಳುವ ಪ್ರಾಣಿ ಅದು. ನಮ್ಮ ಬಿಸಿಲು ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ.

ಕೋಲು ಕೈ ಬದಲಿಸಿದ್ದಕ್ಕೇ ಬೆದರುವ ಆನೆ ಆ ಹೆದರಿಕೆಯನ್ನು ಎಲ್ಲಿ ಕಲಿಯಿತು? ಅವತ್ತಿನಿಂದ ನಾನು ಇದನ್ನೇ ಕೇಳಿಕೊಳ್ಳುತ್ತಿದ್ದೇನೆ, ಓದುತ್ತಿದ್ದೇನೆ.

ನಾವು ಎತ್ತು ಕಟ್ಟಿ ಬೆಳೆದವರು. ಹೋರಿಯನ್ನು ನೊಗಕ್ಕೆ ಹೂಡುವುದು ಹೇಗೆಂದು ನಮ್ಮ ಅಪ್ಪಂದಿರಿಗೆ ಗೊತ್ತಿತ್ತು. ಅನುಭವಸ್ಥ ಎತ್ತಿನ ಜೋಡಿ ಕಟ್ಟಿ, ಬರಿ ನೊಗ ಎಳೆಸಿ, ಬೆನ್ನು ಸವರಿ ರೂಢಿ ಮಾಡಿಸುತ್ತಿದ್ದರು. ಹೆಗಲು ಬಾವು ಬಂದರೆ ಹೂಡುತ್ತಿರಲಿಲ್ಲ. ಸಾವಿರಾರು ವರ್ಷ ಮನುಷ್ಯನ ಹಟ್ಟಿಯಲ್ಲೇ ಹುಟ್ಟಿ ಬೆಳೆದ ತಳಿ ಅದು. ಆನೆ ಹಾಗಲ್ಲ. ಇಪ್ಪತ್ತೆರಡು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ತಾಯಿ ಹೆರುತ್ತದೆ, ಅಜ್ಜಿ-ಚಿಕ್ಕಮ್ಮಂದಿರೆಲ್ಲ ಸೇರಿ ಮರಿಯನ್ನು ಸಾಕುತ್ತಾರೆ. ಎಷ್ಟು ತಲೆಮಾರು ಹಿಡಿದು ಕಟ್ಟಿದರೂ ಹುಟ್ಟುವ ಪ್ರತಿ ಆನೆಯೂ ಕಾಡಿನದೇ. ಅದಕ್ಕೇ ಅದನ್ನು ಪ್ರತಿ ಸಲವೂ ಹೊಸದಾಗಿ ಮುರಿಯಬೇಕಾಗುತ್ತದೆ. ಹಳೆಯ ಪದ್ಧತಿ ಇದು: ಮರಿಯನ್ನು ತಾಯಿಯಿಂದ ಬೇರ್ಪಡಿಸುವುದು, ತಿರುಗಲೂ ಆಗದಂತೆ ಕಂಬಗಳ ನಡುವೆ ಕಾಲು ಬಿಗಿಯುವುದು, ಹಸಿವೆ-ನೀರಡಿಕೆಯಲ್ಲಿ ಇಡುವುದು, ಮಲಗಲು ಬಿಡದಿರುವುದು, ಕಿವಿಯ ಬುಡ, ಸೊಂಡಿಲ ಬುಡ, ಉಗುರಿನ ಸಂದಿಯಂಥ ಮೆತ್ತನೆಯ ಜಾಗ ಹುಡುಕಿ ಅಂಕುಶದಿಂದ ಚುಚ್ಚುವುದು. ವಿರೋಧಿಸುವುದನ್ನು ಅದು ಬಿಟ್ಟ ದಿನ "ಪಳಗಿತು" ಎನ್ನುತ್ತಾರೆ. ಆಮೇಲೆ ಜೀವನಪೂರ್ತಿ ಕೋಲು ತೋರಿಸಿದರೆ ಸಾಕು.

ಕಾಡಾನೆಗಳನ್ನು ಹಿಡಿಯುತ್ತಿದ್ದ ಕಾಕನಕೋಟೆಯ ಖೆಡ್ಡಾ 1971ರಲ್ಲೇ ಕೊನೆಯಾಯಿತು. ಈಗ ಊರಿಗೆ ನುಗ್ಗುವ ಕಾಡಾನೆಯನ್ನು ಹಿಡಿದಾಗ ಅರಣ್ಯ ಇಲಾಖೆಯೇ ದುಬಾರೆ, ಸಕ್ರೆಬೈಲಿನಂಥ ಶಿಬಿರಗಳಲ್ಲಿ ಕ್ರಾಲ್ ಎಂಬ ಮರದ ದಿಮ್ಮಿಯ ದೊಡ್ಡಿಯಲ್ಲಿಟ್ಟು ಪಳಗಿಸುತ್ತದೆ. ಅಲ್ಲಿನ ವಿಧಾನವೂ ಇನ್ನಷ್ಟು ಮೃದುವಾಗಬೇಕು ಎಂಬುದು ನನ್ನ ಅಭಿಪ್ರಾಯ. ಬೆಲ್ಲ, ಕಬ್ಬು ಕೊಟ್ಟೇ ಕಾಲೆತ್ತಲು, ಬಾಯಿ ತೆರೆಯಲು ಕಲಿಸುವ ಕ್ರಮವನ್ನು ಲೋಕದ ಎಷ್ಟೋ ಮೃಗಾಲಯಗಳು ರೂಢಿಸಿಕೊಂಡಿವೆ. ಆದರೂ ಆ ಶಿಬಿರಗಳಲ್ಲಿ ಪಶುವೈದ್ಯರಿದ್ದಾರೆ, ಲೆಕ್ಕ ಕೇಳುವ ಸರಕಾರವಿದೆ. ಲಾರಿಯಲ್ಲಿ ಊರಿಂದೂರಿಗೆ ತಿರುಗುವ ಬಾಡಿಗೆ ಆನೆಯ ಲೆಕ್ಕವನ್ನು ಯಾರು ಕೇಳುತ್ತಾರೆ?

ಕಾನೂನು ಇಲ್ಲವೆ? ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಹೊಡೆಯುವುದು, ಒದೆಯುವುದು, ಹಿಂಸಿಸುವುದು, ಗಾಯಗೊಂಡ ಪ್ರಾಣಿಯನ್ನು ದುಡಿಸುವುದು, ಗಿಡ್ಡ ಇಲ್ಲವೇ ಭಾರದ ಸರಪಳಿಯಲ್ಲಿ ವಿನಾಕಾರಣ ಬಹಳ ಹೊತ್ತು ಕಟ್ಟುವುದು ಎಲ್ಲವನ್ನೂ ಅಪರಾಧ ಎನ್ನುತ್ತದೆ. ನನ್ನ ಮಗಳು ಆ ಬೆಳಿಗ್ಗೆ ಕಂಡದ್ದೆಲ್ಲ ಆ ಒಂದು ಕಲಮಿನಲ್ಲಿದೆ. ದಂಡ ಎಷ್ಟು ಗೊತ್ತೆ? ಮೊದಲ ತಪ್ಪಿಗೆ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಆ ಐವತ್ತರ ಮಿತಿ ದಶಕಗಳಿಂದ ಬದಲಾಗಿಲ್ಲ. ಶಹಾಪುರ ಬಸ್ ನಿಲ್ದಾಣದ ಹತ್ತಿರ ಇಬ್ಬರು ಸೂಸಲಾ, ಮಿರ್ಚಿ ತಿಂದು ಚಹಾ ಕುಡಿದರೆ ಐವತ್ತು ರೂಪಾಯಿ ಸಾಲುವುದಿಲ್ಲ. ಅದರ ಮೇಲೆ, ಹೊಡೆದ ತಪ್ಪಿಗೆ ಪೊಲೀಸರು ತಾವಾಗಿ ಬಂಧಿಸಲು ಬರುವುದಿಲ್ಲ, ನ್ಯಾಯಾಲಯದ ಅಪ್ಪಣೆ ಬೇಕು. ಟಿಕೆಟ್ ಇಟ್ಟು ನಡೆಸುವ ಪ್ರದರ್ಶನಕ್ಕೆ ಪ್ರಾಣಿ ಪಳಗಿಸುವವರು ನೋಂದಣಿ ಮಾಡಿಸಬೇಕೆಂದು ಅದೇ ಕಾಯ್ದೆಯ ಐದನೇ ಅಧ್ಯಾಯ ಹೇಳುತ್ತದೆ. ನಮ್ಮ ಮೆರವಣಿಗೆಗೆ ಟಿಕೆಟ್ ಎಲ್ಲಿದೆ?

ಇನ್ನೊಂದು ಕಡೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೋಡಿ. ಆನೆ ಅದರ ಮೊದಲನೇ ಅನುಸೂಚಿಯಲ್ಲಿದೆ. ಕಾಡಿನಿಂದ ಮರಿ ಹಿಡಿದು ತಂದರೆ ಅದು ಬೇಟೆಗೆ ಸಮ, ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ಅಂದರೆ ಹಿಡಿದರೆ ಏಳು ವರ್ಷದವರೆಗೆ ಸೆರೆ, ಹಿಡಿದದ್ದನ್ನು ಮುರಿದರೆ ಐವತ್ತು ರೂಪಾಯಿ. ಈ ಅಂತರದಲ್ಲೇ ಬಾಡಿಗೆ ಆನೆಯ ವ್ಯಾಪಾರ ಬದುಕಿದೆ.

ಆದರೆ ಈ ಎರಡನೇ ಕಾಯ್ದೆ ನಮ್ಮಂಥವರ ಕೈಗೆ ಒಂದು ಹಿಡಿಕೆ ಕೊಟ್ಟಿದೆ. ಆನೆ ಇಟ್ಟುಕೊಂಡವರ ಬಳಿ ಮುಖ್ಯ ವನ್ಯಜೀವಿ ಪರಿಪಾಲಕರು ಕೊಟ್ಟ ಒಡೆತನದ ಪ್ರಮಾಣಪತ್ರ ಇರಲೇಬೇಕು. ಮಾರುವುದು ನಿಷಿದ್ಧ. 2022ರ ತಿದ್ದುಪಡಿ ಧಾರ್ಮಿಕ ಕಾರಣಕ್ಕೆ ಆನೆ ಸಾಗಿಸಲು ದಾರಿ ಬಿಟ್ಟಿತು, ಅದು ನನಗೆ ಸರಿ ಕಂಡಿಲ್ಲ. ಆದರೂ ಅಲ್ಲಿ ಷರತ್ತುಗಳಿವೆ, 2024ರಲ್ಲಿ ಅದಕ್ಕೆಂದೇ ನಿಯಮಗಳು ಬಂದಿವೆ. ಹಾಗಾಗಿ "ಕಾಗದ ತೋರಿಸ್ರಿ" ಎಂದು ಸಮಿತಿಯವರು ಕೇಳಿದರೆ ಅದು ಉದ್ಧಟತನವಲ್ಲ. ಕಾಗದ ಇಲ್ಲದ ಆನೆಯನ್ನು ಊರೊಳಗೆ ಕರೆಸಿದರೆ ಆ ತಪ್ಪಿನಲ್ಲಿ ನಮ್ಮದೂ ಪಾಲಿರುತ್ತದೆ.

"ಮಠಕ್ಕೆ, ದೇವರಿಗೆ ಬಿಟ್ಟ ಆನೆಗೆ ಯಾರು ನೋವು ಕೊಡುತ್ತಾರೆ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಅವರ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕೊಲ್ಹಾಪುರದ ಜ್ಯೋತಿಬಾ ಗುಡಿಗೆ 2007ರಲ್ಲಿ ಕೊಟ್ಟ ಸುಂದರ್ ಎಂಬ ಗಂಡಾನೆಯ ಕತೆ ಕೇಳಿ. ಅದನ್ನು ಸರಪಳಿಯಲ್ಲಿ ಬಿಗಿದು ಹೊಡೆಯುವ ದೃಶ್ಯಗಳು ಹೊರಬಂದವು. ಬಾಂಬೆ ಹೈಕೋರ್ಟ್ ಬಿಡುಗಡೆಗೆ ಆದೇಶ ಮಾಡಿತು, ಮಾತು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಕೊನೆಗೆ 2014ರ ಜೂನ್‌ನಲ್ಲಿ ಸುಂದರ್ ಬಂದಿಳಿದದ್ದು ನಮ್ಮ ಬನ್ನೇರುಘಟ್ಟಕ್ಕೆ. ಬೇರೆ ಆನೆಗಳ ಮಗ್ಗುಲಲ್ಲಿ ನಿಲ್ಲುವುದನ್ನು ಅದು ಅಲ್ಲಿ ಕಲಿಯಬೇಕಾಯಿತು. ಅದೇ ಜಿಲ್ಲೆಯ, ಗಡಿಯಾಚೆಯ ಕನ್ನಡಿಗರಿಗೂ ಶ್ರದ್ಧೆಯ ತಾಣವಾದ ನಾಂದಣಿ ಜೈನ ಮಠದ ಮಹಾದೇವಿ ಎಂಬ ಹೆಣ್ಣಾನೆಯನ್ನು 2025ರ ಜುಲೈನಲ್ಲಿ ಗುಜರಾತಿಗೆ ಒಯ್ದಾಗ ಊರಿಗೆ ಊರೇ ಅತ್ತಿತು. ಮೂರು ದಶಕ ಸಾಕಿದವರ ಕಣ್ಣೀರು ಸುಳ್ಳಲ್ಲ. ಆದರೆ ನ್ಯಾಯಾಲಯದ ಮುಂದಿದ್ದ ವರದಿಗಳು ಕಾಲಿನ ಕೊಳೆತ, ಬೆಳೆದ ಉಗುರು, ಕೀಲುನೋವು ಎಂದೇ ಹೇಳಿದ್ದವು. ಪ್ರೀತಿಸಿದವರ ಮನೆಯಲ್ಲೂ ಆನೆಯ ಕಾಲು ಕೊಳೆಯುತ್ತದೆ. ಅದಕ್ಕೆ ಬೇಕಾದದ್ದು ಮಣ್ಣಿನ ನೆಲ, ಹರಿವ ನೀರು, ಇನ್ನೊಂದು ಆನೆ. ಇವನ್ನು ಕೊಡಲು ನಮ್ಮ ಯಾವ ಊರಿಗೂ ಸಾಧ್ಯವಿಲ್ಲ.

ಪದ್ಧತಿ ಬಿಟ್ಟರೆ ಜಾತ್ರೆ ಕಳೆಗುಂದುತ್ತದೆ ಎನ್ನುವವರಿಗೆ ನಾನು ನಮ್ಮದೇ ಜಿಲ್ಲೆಯ ಮೈಲಾಪುರ ತೋರಿಸುತ್ತೇನೆ. ಸಂಕ್ರಾಂತಿಗೆ ಮಲ್ಲಯ್ಯನ ಪಲ್ಲಕ್ಕಿ ಗಂಗಾಸ್ನಾನಕ್ಕೆ ಹೊರಟಾಗ ಹರಕೆಯ ಕುರಿಮರಿಗಳನ್ನು ಅದರ ಮೇಲೆ ಎಸೆಯುವ ರೂಢಿ ಇತ್ತು. ಎಷ್ಟೋ ಮರಿಗಳು ಕಾಲ್ತುಳಿತಕ್ಕೆ ಸಿಗುತ್ತಿದ್ದವು. ಜಿಲ್ಲಾಡಳಿತ ಅದನ್ನು ನಿಷೇಧಿಸಿತು, ದಾರಿಗಳಲ್ಲಿ ಚೆಕ್‌ಪೋಸ್ಟ್ ಹಾಕಿ ಮರಿಗಳನ್ನು ವಶಕ್ಕೆ ತೆಗೆದುಕೊಳ್ಳುತ್ತ ಬಂದಿದೆ. ಮಲ್ಲಯ್ಯನ ಜಾತ್ರೆಗೆ ಜನ ಕಡಿಮೆಯಾದರೇ? ಇಲ್ಲ. ಏಳು ಕೋಟಿಯ ಕೂಗು ಹಾಗೇ ಏಳುತ್ತದೆ, ಭಂಡಾರ ಹಾಗೇ ಹಾರುತ್ತದೆ.

ಆನೆಯ ಆಕಾರವೇ ಬೇಕೆಂದರೆ ಅದಕ್ಕೂ ಹಾದಿ ಇದೆ. ಬಾಳೆಹೊನ್ನೂರಿನ ರಂಭಾಪುರಿ ಪೀಠದಲ್ಲಿ 2024ರ ಡಿಸೆಂಬರ್‌ನಿಂದ ವೀರಭದ್ರ ಎಂಬ ಯಾಂತ್ರಿಕ ಆನೆ ಇದೆ. ಕಿವಿ ಬೀಸುತ್ತದೆ, ಸೊಂಡಿಲು ಎತ್ತುತ್ತದೆ, ಗಾಲಿಯ ಮೇಲೆ ಸಾಗುತ್ತದೆ. ಸುತ್ತೂರು ಮಠದಲ್ಲೂ ಅಂಥದ್ದೊಂದು ಇದೆ. ನಮ್ಮ ಭಾಗದ ಎಷ್ಟೋ ಮನೆತನಗಳು ನಡೆದುಕೊಳ್ಳುವ ಪೀಠವೇ ಒಪ್ಪಿಕೊಂಡ ಮೇಲೆ ನಮಗೇಕೆ ಹಿಂಜರಿಕೆ? ನನ್ನನ್ನು ಕೇಳಿದರೆ ಅದೂ ಬೇಕಿಲ್ಲ. ಡೊಳ್ಳು, ಹಲಗೆ, ಪುರವಂತರು, ನಂದಿಕೋಲು, ಕಳಸ ಹೊತ್ತ ಹೆಣ್ಣುಮಕ್ಕಳು ಇರುವ ಮೆರವಣಿಗೆಯಲ್ಲಿ ಯಾವ ಕೊರತೆಯೂ ಕಾಣದು. ಆನೆಯ ರೊಕ್ಕದಲ್ಲಿ ನಮ್ಮದೇ ಊರಿನ ಕಲಾವಿದರಿಗೆ ಎರಡು ಪಟ್ಟು ಕೊಡಬಹುದು.

ಮಾವುತನ ಮೇಲೆ ಕೈ ಎತ್ತಬೇಡಿ. ಮನೆ-ಮಠ ಬಿಟ್ಟು ಲಾರಿಯ ಹಿಂದೆ ಮಲಗುವ ದುಡಿಮೆ ಅವನದು. ಪ್ರತಿ ವರ್ಷ ಬೆಂಗಳೂರು, ಮುಂಬೈಗೆ ಗುಳೆ ಹೋಗುವ ಜನ ನಾವು, ಅವನ ಪಾಡು ನಮಗೆ ತಿಳಿಯದ್ದಲ್ಲ. ಕೇಳಬೇಕಾದದ್ದು ಆನೆಯ ಒಡೆಯನನ್ನು, ನಡುವಿನ ದಲ್ಲಾಳಿಯನ್ನು.

ಆನೆ ಬಂದೇ ಬಿಟ್ಟರೆ ಹೀಗೆ ಮಾಡಿ. ಕಾಲು, ಕಿವಿಯ ಹಿಂಭಾಗ, ಸರಪಳಿಯ ಜಾಗವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ, ಲಾರಿಯ ನಂಬರು, ಊರು, ಹೊತ್ತು ಬರೆದಿಡಿ. ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ, ತುರ್ತು ಇದ್ದರೆ 112. ಗಾಯ ಕಂಡರೆ ಪಶುಪಾಲನಾ ಇಲಾಖೆಯ 1962 ಇದೆ. ಪ್ರಾಣಿಯನ್ನು ಅಂಗಹೀನ ಮಾಡುವಷ್ಟು ಹಿಂಸಿಸಿದ್ದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಅನ್ವಯಿಸುತ್ತದೆ, ಅದಕ್ಕೆ ಐದು ವರ್ಷದವರೆಗೆ ಸೆರೆ. ದೂರಿನಲ್ಲಿ ಆ ಕಲಮಿನ ಸಂಖ್ಯೆಯನ್ನು ಬರೆಯಿರಿ. ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕೆಂದು 2001ರ ನಿಯಮ ಹೇಳುತ್ತದೆ. ನಮ್ಮ ಜಿಲ್ಲೆಯ ಸಂಘದ ಸಭೆ ಕೊನೆಯದಾಗಿ ಯಾವಾಗ ಆಯಿತೆಂದು ಜಿಲ್ಲಾಧಿಕಾರಿ ಕಚೇರಿಗೆ ಒಂದು ಅರ್ಜಿ ಹಾಕಿ. ಆ ಐವತ್ತು ರೂಪಾಯಿಯ ದಂಡ ಬದಲಿಸಲು ಸಂಸತ್ತಿನಲ್ಲಿ ದನಿ ಎತ್ತಿ ಎಂದು ಸಂಸದರಿಗೆ ಒಂದು ಕಾಗದ ಬರೆಯಿರಿ. ಶಾಲೆಯ ಮಕ್ಕಳ ಕೈಲಿ ಬರೆಸಿದರೆ ಇನ್ನೂ ಒಳ್ಳೆಯದು.

ನಮ್ಮ ಓಣಿಯ ಪಟ್ಟಿ ಸಭೆ ಬರುವ ಅಮಾವಾಸ್ಯೆಗೆ ಇದೆ. ಬ್ಯಾಂಡ್ ಯಾವುದು, ದಾಸೋಹಕ್ಕೆ ಎಷ್ಟು ಚೀಲ ಅಕ್ಕಿ ಎಂಬ ಮಾತು ಮುಗಿದ ಮೇಲೆ ಆನೆಯ ಮಾತು ಬರುತ್ತದೆ. ಆಗ ಎದ್ದು ನಿಲ್ಲುತ್ತೇನೆ. ನನ್ನ ಐದುನೂರು ಈ ಸಲ ದಾಸೋಹಕ್ಕೆ. ನಿಮ್ಮ ಊರಿನ ಸಭೆ ಯಾವತ್ತು?