ಊರಿನ ನೀರೂ ಪ್ರಾಧ್ಯಾಪಕರ ಬಡ್ತಿಯೂ

ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವವರಿಗೆ ಬಡ್ತಿ ಹೇಗೆ ದೊರೆಯುತ್ತದೆಂಬುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಯೋಚಿಸುವ ವಿಷಯವಲ್ಲ. ಅದು ಕಚೇರಿಯ ಕಡತಗಳಿಗೆ ಸೇರಿದ ಮಾತೆಂದು ಅವರು ಭಾವಿಸಿದರೆ ಆಶ್ಚರ್ಯವೇನೂ ಇಲ್ಲ. ಆದರೆ ಒಂದು ಊರಿನ ಮಕ್ಕಳು ಕುಡಿಯುವ ನೀರಿಗೂ ಆ ಕಡತಗಳಿಗೂ ಸಂಬಂಧವುಂಟೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಫ್ಲಿಂಟ್ ಎಂಬ ನಗರವಿದೆ. 2014ರ ಏಪ್ರಿಲ್ ತಿಂಗಳಲ್ಲಿ, ಖರ್ಚನ್ನು ತಗ್ಗಿಸುವ ಸಲುವಾಗಿ, ಡೆಟ್ರಾಯಿಟಿನಿಂದ ಬರುತ್ತಿದ್ದ ನೀರನ್ನು ನಿಲ್ಲಿಸಿ, ಫ್ಲಿಂಟ್ ನದಿಯ ನೀರನ್ನೇ ಶುದ್ಧಿಮಾಡಿ ಸುಮಾರು ಒಂದು ಲಕ್ಷ ಜನರಿಗೆ ಒದಗಿಸತೊಡಗಿದರು. ಹಳೆಯ ಮನೆಗಳಿಗೆ ನೀರು ತರುವ ಕೊಳವೆಗಳು ಅನೇಕ ಕಡೆ ಸೀಸದವು. ಡೆಟ್ರಾಯಿಟಿನ ನೀರಿಗೆ ಫಾಸ್ಫೇಟನ್ನು ಬೆರೆಸುತ್ತಿದ್ದುದರಿಂದ ಕೊಳವೆಯ ಒಳಮೈಯಲ್ಲಿ ತೆಳುವಾದ ಪದರವೊಂದು ಕಟ್ಟಿಕೊಂಡು, ಸೀಸವು ನೀರಿಗಿಳಿಯದಂತೆ ತಡೆಯುತ್ತಿತ್ತು. ನದಿಯ ನೀರಿನಲ್ಲಿಯೋ ಲೋಹವನ್ನು ಕೊರೆಯುವ ಕ್ಲೋರೈಡಿನ ಅಂಶ ಹೆಚ್ಚು. ಅದಕ್ಕೆ ಫಾಸ್ಫೇಟನ್ನೂ ಬೆರೆಸಲಿಲ್ಲ. ಪದರ ಸವೆಯಿತು, ಸೀಸ ನೀರಿಗಿಳಿಯಿತು.

ನೀರಿನ ಬಣ್ಣ ಕೆಟ್ಟಿದೆ, ವಾಸನೆ ಬರುತ್ತಿದೆ ಎಂದು ಜನರು ದೂರಿದರು. ನೀರಿಗೆ ದೋಷವಿಲ್ಲವೆಂದೇ ಅಧಿಕಾರಿಗಳ ಉತ್ತರ. ಕೊನೆಗೆ ಲೀಆನ್ ವಾಲ್ಟರ್ಸ್ ಎಂಬ ತಾಯಿಯೊಬ್ಬರು 2015ರಲ್ಲಿ ವರ್ಜೀನಿಯ ಟೆಕ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಅವರ ನೆರವನ್ನು ಪಡೆದರು. ಎಡ್ವರ್ಡ್ಸ್ ಮತ್ತು ಅವರ ವಿದ್ಯಾರ್ಥಿಗಳು ಮಾದರಿ ಹಿಡಿಯುವ ಬಾಟಲಿಗಳ 300 ಪೆಟ್ಟಿಗೆಗಳನ್ನು ಆ ಊರಿಗೆ ಕಳುಹಿಸಿದರು. ನಲ್ಲಿಯ ನೀರನ್ನು ಯಾವಾಗ, ಹೇಗೆ ಹಿಡಿಯಬೇಕೆಂಬುದನ್ನು ಊರಿನವರು ಕಲಿತು, 250ಕ್ಕೂ ಹೆಚ್ಚು ಮನೆಗಳ ಮಾದರಿಗಳನ್ನು ಹಿಂದಿರುಗಿಸಿದರು. ಆಗ ಸರ್ಕಾರ ಗೊತ್ತುಪಡಿಸಿದ್ದ ಎಚ್ಚರಿಕೆಯ ಮಟ್ಟವು ನೂರು ಕೋಟಿ ಭಾಗ ನೀರಿಗೆ 15 ಭಾಗ ಸೀಸ. ಪರೀಕ್ಷಿಸಿದ ಮನೆಗಳಲ್ಲಿ ಹತ್ತಕ್ಕೊಂದರಂತೆ ಅದು 25ನ್ನು ಮುಟ್ಟಿತ್ತು ಇಲ್ಲವೆ ಮೀರಿತ್ತು. ಅದೇ ಸೆಪ್ಟೆಂಬರಿನಲ್ಲಿ ಡಾ. ಮೋನಾ ಹನ್ನಾ-ಅತೀಶಾ ಎಂಬ ಮಕ್ಕಳ ವೈದ್ಯೆ, ರಕ್ತದಲ್ಲಿ ಸೀಸ ಹೆಚ್ಚಾಗಿರುವ ಎಳೆಯ ಮಕ್ಕಳ ಪ್ರಮಾಣ ಸುಮಾರು ಇಮ್ಮಡಿಯಾಗಿದೆಯೆಂದು ಅಂಕಿಗಳೊಡನೆ ತೋರಿಸಿದರು. ಅಕ್ಟೋಬರಿನಲ್ಲಿ ಡೆಟ್ರಾಯಿಟಿನ ನೀರು ಮರಳಿ ಬಂದಿತು.

ಇಷ್ಟು ಕೆಲಸಕ್ಕೆ ವಿಶ್ವವಿದ್ಯಾನಿಲಯದ ತಕ್ಕಡಿಯಲ್ಲಿ ಎಷ್ಟು ತೂಕ? ನಾವು ಕೇಳಬೇಕೆಂದಿರುವ ಪ್ರಶ್ನೆ ಇದು. ಅಮೆರಿಕದಲ್ಲಿ ಸಹಾಯಕ ಪ್ರಾಧ್ಯಾಪಕರಾಗಿ ಸೇರಿದವರನ್ನು ಸಾಮಾನ್ಯವಾಗಿ ಆರನೆಯ ವರ್ಷದ ವೇಳೆಗೆ ಪರಿಶೀಲಿಸುತ್ತಾರೆ. ಗೆದ್ದರೆ ‘ಟೆನ್ಯೂರ್’ ಎಂಬ ಖಾಯಂ ಸ್ಥಾನ. ಸೋತರೆ ಆ ವಿಶ್ವವಿದ್ಯಾನಿಲಯವನ್ನೇ ಬಿಡಬೇಕು. ಆ ಪರಿಶೀಲನೆಯಲ್ಲಿ ಪಾಠ, ಸಂಶೋಧನೆ, ಸೇವೆ ಎಂಬ ಮೂರು ಭಾಗಗಳಿದ್ದರೂ ಸಂಶೋಧನೆಗೆ ಮೇಲುಗೈ ಸಲ್ಲುವ ಸ್ಥಳಗಳೇ ಹೆಚ್ಚು. ಜನರೊಡನೆ ಮಾಡಿದ ಕೆಲಸ ‘ಸೇವೆ’ಯ ಮೂಲೆಗೆ ಹೋಗುತ್ತದೆ. ಎಡ್ವರ್ಡ್ಸ್ ಅವರು ಫ್ಲಿಂಟಿಗೆ ಹೋಗುವ ವೇಳೆಗೆ ಹೆಸರಾಂತ ಪ್ರಾಧ್ಯಾಪಕರು. 2007ರಲ್ಲಿಯೇ ಮ್ಯಾಕ್‌ಆರ್ಥರ್ ಪುರಸ್ಕಾರ ಪಡೆದಿದ್ದವರು. ಅವರ ಸ್ಥಾನಕ್ಕೆ ಭಯವಿರಲಿಲ್ಲ. ಮೂರನೆಯ ವರ್ಷದ ಸಹಾಯಕ ಪ್ರಾಧ್ಯಾಪಕರೊಬ್ಬರ ಬಾಗಿಲನ್ನು ಆ ತಾಯಿ ತಟ್ಟಿದ್ದರೆ? ತಿಂಗಳುಗಟ್ಟಲೆ ಊರಿನಲ್ಲಿ ತಿರುಗುವುದೋ, ಪ್ರಯೋಗಾಲಯದಲ್ಲಿ ಕುಳಿತು ಎರಡು ಲೇಖನ ಬರೆಯುವುದೋ ಎಂದು ಅವರು ಲೆಕ್ಕ ಹಾಕಬೇಕಾಗುತ್ತಿತ್ತು. ಆ ಲೆಕ್ಕವನ್ನು ಹಾಕಿಸುವ ನಿಯಮವೇ ತಪ್ಪೆಂದು ನಮ್ಮ ಅಭಿಪ್ರಾಯ.

ಇದು ಹೊಸ ಮಾತಲ್ಲ. 1990ರಲ್ಲಿ ಅರ್ನೆಸ್ಟ್ ಬೋಯರ್ ಎಂಬ ಶಿಕ್ಷಣತಜ್ಞರು, ವಿದ್ವತ್ತೆಂದರೆ ಹೊಸದನ್ನು ಕಂಡುಹಿಡಿಯುವುದು ಮಾತ್ರವಲ್ಲ. ತಿಳಿದುದನ್ನು ಒಂದುಗೂಡಿಸುವುದು, ಬಳಕೆಗೆ ತರುವುದು, ಕಲಿಸುವುದು, ಇವೂ ವಿದ್ವತ್ತೇ ಎಂದು ವಾದಿಸಿದರು. ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾನಿಲಯವು 1996ರಲ್ಲಿ ತನ್ನ ಬಡ್ತಿಯ ನಿಯಮಗಳನ್ನು ಈ ಜಾಡಿನಲ್ಲಿ ತಿದ್ದಿಕೊಂಡಿತು.

ಇದಕ್ಕೊಂದು ಆಕ್ಷೇಪಣೆಯುಂಟು, ಅದನ್ನು ಹಗುರವಾಗಿ ಕಾಣಬಾರದು. ಊರಿಗೆ ಹೋಗಿ ಭಾಷಣ ಮಾಡಿ ಭಾವಚಿತ್ರ ತೆಗೆಸಿಕೊಂಡವರಿಗೂ ಬಡ್ತಿ ಕೊಡಬೇಕೇ? ಕೂಡದು. ಒಳ್ಳೆಯ ಉದ್ದೇಶ ಒಳ್ಳೆಯ ವಿಜ್ಞಾನವಾಗಲಾರದು. 1997ರಲ್ಲಿ ಬೋಯರ್ ಅವರ ಜೊತೆಗಾರರು ಎಲ್ಲ ಬಗೆಯ ವಿದ್ವತ್ತಿಗೂ ಆರು ಒರೆಗಲ್ಲುಗಳನ್ನು ಸೂಚಿಸಿದರು: ಸ್ಪಷ್ಟವಾದ ಗುರಿ, ಸಾಕಷ್ಟು ಸಿದ್ಧತೆ, ತಕ್ಕ ವಿಧಾನ, ಗಣನೀಯ ಫಲ, ಸಮರ್ಪಕವಾದ ನಿರೂಪಣೆ, ತನ್ನ ಕೆಲಸವನ್ನು ತಾನೇ ವಿಮರ್ಶಿಸಿಕೊಳ್ಳುವುದು. ಫ್ಲಿಂಟಿನ ನೀರಿನ ಪರೀಕ್ಷೆಯನ್ನು ಇವುಗಳಿಗೆ ಉಜ್ಜಿ ನೋಡಿರಿ. ಅದು ಯಾವ ಪ್ರಯೋಗಾಲಯದ ಕೆಲಸಕ್ಕೂ ಕಡಮೆಯಲ್ಲ. ಭಾವಚಿತ್ರದವರು ಮೊದಲನೆಯ ಕಲ್ಲಿಗೇ ಬಣ್ಣಗೆಡುತ್ತಾರೆ.

ನಮ್ಮ ನಾಡಿಗೂ ಈ ಮಾತು ದೂರದ್ದಲ್ಲ. ಜನರ ಭೂಮಿಯ ಆದಾಯದಿಂದ ಹುಟ್ಟಿದ ವಿದ್ಯಾಲಯಗಳು ಜನರ ಕೆಲಸಕ್ಕೆ ಒದಗಬೇಕೆಂಬ ತತ್ತ್ವ ಅಮೆರಿಕದಲ್ಲಿ 1862ರ ಮಾರಿಲ್ ಕಾಯಿದೆಯೊಡನೆ ಬೇರೂರಿತು. ಆ ಮಾದರಿಯಲ್ಲಿಯೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿ ಆರಂಭವಾಯಿತು. ಬೋಧನೆ, ಸಂಶೋಧನೆಗಳೊಡನೆ ರೈತನ ಹೊಲದವರೆಗಿನ ವಿಸ್ತರಣ ಕಾರ್ಯವೂ ಅದರ ಹೊಣೆ. ಉಳಿದ ವಿಶ್ವವಿದ್ಯಾನಿಲಯಗಳ ಮಾತೇನು? ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಗಳಲ್ಲಿ ವಿಜ್ಞಾನದ ಒಂದು ಲೇಖನಕ್ಕೆ 8 ಅಂಕವೆಂದು ಖಚಿತವಾಗಿ ಹೇಳಿದೆ. ವಿಸ್ತರಣ ಕಾರ್ಯವೂ ಪಟ್ಟಿಯಲ್ಲುಂಟು. ಆದರೆ ಅದು ಪರೀಕ್ಷೆಯ ಕೆಲಸ, ಆಡಳಿತದ ಹೊಣೆಗಳ ಸಾಲಿನಲ್ಲಿ ಒಂದು ಬಾಬು. ಮಾಡಿದರೇ ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ಅದರಿಂದ ಏನು ತಿಳಿಯಿತು, ಯಾರಿಗೆ ಏನು ಒಳಿತಾಯಿತು ಎಂಬುದಲ್ಲ. ಆಯೋಗವು 2025ರ ಜನವರಿಯಲ್ಲಿ ಪ್ರಕಟಿಸಿದ ಕರಡು ನಿಯಮಗಳು ಗಮನಾರ್ಹ ಕೊಡುಗೆಯ ಒಂಬತ್ತು ಕ್ಷೇತ್ರಗಳಲ್ಲಿ ಸಮುದಾಯದ ಕೆಲಸವನ್ನೂ ಹೆಸರಿಸಿದವು. ಇದು ಸರಿಯಾದ ದಿಕ್ಕು. ಆದರೆ ಹೆಸರಿಸಿದರೆ ಸಾಲದು. ಅಳೆಯುವ ಕ್ರಮವನ್ನೂ ಗೊತ್ತುಪಡಿಸಬೇಕು. ಅಳೆಯುವವರಲ್ಲಿ ಆ ವಿಷಯವನ್ನು ಬಲ್ಲ ವಿದ್ವಾಂಸರೊಡನೆ, ಕೆಲಸದ ಫಲವನ್ನು ಉಂಡ ಜನರೂ ಇರಬೇಕು. ನೀರಿನ ರುಚಿ ಕೆಟ್ಟಿದೆಯೆಂದು ಮೊದಲು ಹೇಳಿದವರು ಅದನ್ನು ಕುಡಿದವರೇ ಅಲ್ಲವೆ?

ಈ ಲೇಖನವನ್ನು ಓದುತ್ತಿರುವ ತರುಣ ತರುಣಿಯರಲ್ಲಿ ಕೆಲವರಾದರೂ ಮುಂದೆ ಪ್ರಾಧ್ಯಾಪಕರಾಗುವಿರಿ. ನಿಮ್ಮ ಜಿಲ್ಲೆಯ ಯಾವುದೋ ಊರಿನಿಂದ ಒಂದು ದಿನ ಯಾರೋ ಒಂದು ಬಾಟಲಿ ನೀರನ್ನು ಹಿಡಿದು ನಿಮ್ಮ ಬಳಿಗೆ ಬಂದಾರು. ಆಗ ನೀವು ನಿಮ್ಮ ಬಡ್ತಿಯ ಲೆಕ್ಕವನ್ನು ನೆನೆದು ಅವರನ್ನು ಹಿಂದಕ್ಕೆ ಕಳುಹಿಸುವ ಸ್ಥಿತಿ ಬರಬಾರದು. ಅದಕ್ಕೆ ತಕ್ಕ ನಿಯಮಗಳನ್ನು ಇಂದೇ ಕೇಳಬೇಕು.