ಹಾಲಿಗಾಗಿ ಅತ್ತ ಬಾಲಕ

ಸೌಪ್ತಿಕ ಪರ್ವದ ಹೆಸರೆತ್ತಿದೊಡನೆ ಮಲಗಿದ್ದ ಮಕ್ಕಳನ್ನು ಕೊಂದ ಅಶ್ವತ್ಥಾಮನ ನೆನಪಾಗುತ್ತದೆ. ತಿಕ್ಕನನ ತೆಲುಗಿನಲ್ಲಿಯೂ ಕನ್ನಡ ಭಾರತಗಳಲ್ಲಿಯೂ ಅವನನ್ನು ಬಲ್ಲ ಎಮ್ಮಿಗನೂರು, ಆದವಾನಿಗಳ ನಮ್ಮ ವಾಚಕರಿಗೆ ಆ ಘೋರ ರಾತ್ರಿಯನ್ನು ವರ್ಣಿಸಬೇಕಾಗಿಲ್ಲ. ಆದರೆ ಅದಕ್ಕೂ ಬಹಳ ಹಿಂದಿನ ಒಂದು ಬಟ್ಟಲನ್ನು ನಾವು ಮರೆತುಬಿಡುತ್ತೇವೆ.

ಸಿರಿವಂತರ ಮಕ್ಕಳು ಹಾಲು ಕುಡಿಯುವುದನ್ನು ಕಂಡು ಬಡ ದ್ರೋಣನ ಮಗ ಅತ್ತನು. ಒಡನಾಡಿಗಳು ನೀರಿಗೆ ಹಿಟ್ಟು ಕಲಸಿ ಹಾಲೆಂದು ಕೊಟ್ಟರು. ತಾನೂ ಹಾಲು ಕುಡಿದೆನೆಂದು ಕೂಸು ಕುಣಿಯಿತು, ಸುತ್ತಲಿದ್ದವರು ನಕ್ಕರು. ಆ ನಗೆಯನ್ನು ತಾಳಲಾರದೆ ದ್ರೋಣನು ಬಾಲ್ಯದ ಗೆಳೆಯ ದ್ರುಪದನಲ್ಲಿಗೆ ಹೋದರೆ, ಅರಸನಿಗೂ ಬಡವನಿಗೂ ಎಲ್ಲಿಯ ಸ್ನೇಹವೆಂಬ ಉತ್ತರ ದೊರೆಯಿತು. ಮುಂದೆ ದ್ರೋಣನು ಶಿಷ್ಯರ ಕೈಯಿಂದ ದ್ರುಪದನನ್ನು ಸೆರೆಹಿಡಿಸಿ ಅರ್ಧ ರಾಜ್ಯವನ್ನು ಕಿತ್ತುಕೊಂಡನು. ದ್ರುಪದನು ದ್ರೋಣನನ್ನು ಕೊಲ್ಲುವ ಮಗನನ್ನು ಯಜ್ಞಕುಂಡದಿಂದ ಪಡೆದನು. ಹಗೆಯು ಹೀಗೆ ಮನೆಯಿಂದ ಮನೆಗೆ ಸಾಲದಂತೆ ಬೆಳೆಯಿತು.

ಯುದ್ಧದಲ್ಲಿ ತಂದೆಯನ್ನು ಕೆಡವಲು ಬಳಸಿದ ಆಯುಧವಾದರೂ ಯಾವುದು? ಮಗನ ಹೆಸರೇ! ಅಶ್ವತ್ಥಾಮ ಸತ್ತನೆಂಬ ಮಾತನ್ನು, ಸತ್ಯಕ್ಕೆ ಹೆಸರಾದ ಧರ್ಮರಾಯನ ಬಾಯಿಂದಲೇ ನುಡಿಸಿದರು. ಶಸ್ತ್ರವನ್ನಿಳಿಸಿ ಕುಳಿತ ವೃದ್ಧನ ತಲೆಯನ್ನು ಧೃಷ್ಟದ್ಯುಮ್ನನು ಕಡಿದನು. ಬಳಿಕ ದುರ್ಯೋಧನನ ತೊಡೆ ಮುರಿಯಿತು. ಅಂದಿನ ಇರುಳು ಆಲದ ಮರದಲ್ಲಿ ಮಲಗಿದ್ದ ಕಾಗೆಗಳನ್ನು ಗೂಬೆಯೊಂದು ಕೊಲ್ಲುವುದನ್ನು ಅಶ್ವತ್ಥಾಮನು ಕಂಡನು.

ಬಿ.ಎಂ. ಶ್ರೀಯವರು 1929ರಲ್ಲಿ ತಮ್ಮ 'ಅಶ್ವತ್ಥಾಮನ್' ನಾಟಕಕ್ಕೆ ಸೋಫೋಕ್ಲಿಸನ ಏಜಾಕ್ಸನನ್ನು ಮಾದರಿಯಾಗಿ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಏಜಾಕ್ಸನೂ ವಂಚಿತನೇ, ತನಗೆ ಸಲ್ಲಬೇಕಾದ ಅಕಿಲೀಸನ ಆಯುಧಗಳು ಇನ್ನೊಬ್ಬನ ಪಾಲಾದಾಗ ಹುಚ್ಚೆದ್ದು, ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿದು, ಭ್ರಮೆ ಹರಿದಾಗ ನಾಚಿ ಸತ್ತವನು. ಶ್ರೀಯವರು ಚಿರಂಜೀವಿಯೆನಿಸಿದ ಅಶ್ವತ್ಥಾಮನಿಗೂ ಸಾವನ್ನು ಕರುಣಿಸಿದರು. ಸಂಪ್ರದಾಯಸ್ಥರಿಗೆ ಅದು ಹಿಡಿಸದಿರಬಹುದು. ನಮಗಾದರೋ ಅದು ಕವಿಯ ದಯೆಯೆಂದೇ ತೋರುತ್ತದೆ. ವ್ಯಾಸರಲ್ಲಿ ಅಂತಹ ದಯೆಯಿಲ್ಲ. ನೆತ್ತಿಯ ಮಣಿಯನ್ನು ಕಳೆದುಕೊಂಡು ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯಬೇಕೆಂಬ ಶಾಪವಿದೆ.

ಇಷ್ಟಾದರೂ ವಂಚನೆಯೊಂದೇ ಅವನನ್ನು ರಾಕ್ಷಸನನ್ನಾಗಿಸಿತು ಎನ್ನಲು ನಮ್ಮ ಮನಸ್ಸು ಒಪ್ಪದು. ಸೋದರಮಾವ ಕೃಪನು ಮಲಗಿದವರನ್ನು ಕೊಲ್ಲುವುದು ಅಧರ್ಮವೆಂದು ಅಂದೇ ಹೇಳಿದ್ದನು. (ಹೇಳಿಯೂ ಶಿಬಿರದ ಬಾಗಿಲು ಕಾಯಲು ನಿಂತನೆಂಬುದು ಬೇರೆ ಮಾತು, ಬುದ್ಧಿ ಹೇಳಿ ಜೊತೆಗೂಡುವ ಹಿರಿಯರು ಎಲ್ಲ ಕಾಲದಲ್ಲಿಯೂ ಇದ್ದಾರೆ.) ಕೇಳಿಸಿಕೊಂಡವನಿಗೆ ಆಯ್ಕೆಯಿತ್ತು.

ದ್ರೌಪದಿಯನ್ನು ನೋಡಿ. ತುಂಬಿದ ಸಭೆಯಲ್ಲಿ ಐವರು ಗಂಡಂದಿರೂ ಕೈಬಿಟ್ಟವಳು. ಈಗ ಐವರು ಮಕ್ಕಳನ್ನೂ ಕಳೆದುಕೊಂಡವಳು. ಭಾರತದಲ್ಲಿ ಆಕೆ ಅವನ ದಂಡನೆಯನ್ನು ಬೇಡಿ ಉಪವಾಸ ಕೂರುತ್ತಾಳೆ. ಭಾಗವತದ ದ್ರೌಪದಿಯ ರೀತಿಯೇ ಬೇರೆ. ಅರ್ಜುನನು ಅಶ್ವತ್ಥಾಮನನ್ನು ಕಟ್ಟಿ ಎಳೆತಂದು ಮುಂದೆ ನಿಲ್ಲಿಸಿದಾಗ, ಬಿಟ್ಟುಬಿಡಿ ಎನ್ನುತ್ತಾಳೆ. ಮಕ್ಕಳಿಗಾಗಿ ತಾನು ಅಳುತ್ತಿರುವಂತೆ ಅವನ ತಾಯಿ ಕೃಪಿಯೂ ಅಳಬಾರದೆಂಬುದೇ ಆಕೆ ಕೊಟ್ಟ ಕಾರಣ.